ಐವತ್ತು ಜನರ ದ್ವೀಪಕ್ಕೆ ಹೊರಡುವ ಮುನ್ನ: ಸುರಕ್ಷಿತ ಪ್ರಯಾಣ ಮತ್ತು ವಿಮೆಯ ಒಂದು ಪಾಠ



ವ್ಯವಹಾರ ಅಧ್ಯಯನ ಪಠ್ಯದಲ್ಲಿ ವಿಮೆಯ ತತ್ವಗಳ ಭಾಗ ಬಂದಾಗ ನಾವು ಪರಮ ಸದ್ಭಾವನೆ, ವಿಮಾ ಹಿತಾಸಕ್ತಿ, ನಷ್ಟಭರ್ತಿ, ಸಮೀಪ ಕಾರಣ, ನಷ್ಟ ತಗ್ಗಿಸುವಿಕೆ ಎಂದು ಸಾಲಾಗಿ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಮಾತುಗಳು ನಿಜ ಜೀವನದಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತವೆ? ಇದನ್ನು ತಿಳಿಯಲು ನಾನು ಒಂದು ಊರನ್ನು ಆರಿಸಿಕೊಂಡು ಓದಿದೆ. ಅಲ್ಲಿಗೆ ಪ್ರಯಾಣ ಹೋಗುವವನು ಸುರಕ್ಷಿತವಾಗಿ ಹೋಗಿ ಬರಲು ಏನೇನು ಮಾಡಬೇಕು ಎಂದು ಲೆಕ್ಕ ಹಾಕಿದೆ. ಆ ಊರು ಪೆಸಿಫಿಕ್ ಸಾಗರದ ನಡುವೆ ಇರುವ ಪಿಟ್‌ಕೇರ್ನ್ ದ್ವೀಪ.

ಪಿಟ್‌ಕೇರ್ನ್ ಎಲ್ಲಿದೆ?

ಪೆಸಿಫಿಕ್ ಸಾಗರದಲ್ಲಿ ಬ್ರಿಟನ್ನಿನ ಅಧೀನದಲ್ಲಿ ಉಳಿದಿರುವ ಕೊನೆಯ ಪ್ರದೇಶ ಇದು. ಪಿಟ್‌ಕೇರ್ನ್, ಹೆಂಡರ್ಸನ್, ಡೂಸಿ, ಓಯೆನೋ ಎಂಬ ನಾಲ್ಕು ದ್ವೀಪಗಳು ಸೇರಿ ಈ ಪ್ರದೇಶವಾಗಿದೆ. ಜನ ವಾಸಿಸುವುದು ಪಿಟ್‌ಕೇರ್ನ್‌ನಲ್ಲಿ ಮಾತ್ರ. ಅದರ ವಿಸ್ತೀರ್ಣ ಐದು ಚದರ ಕಿಲೋಮೀಟರಿಗೂ ಕಡಿಮೆ. ಜನಸಂಖ್ಯೆ ಸುಮಾರು ಐವತ್ತು. ಅಂದರೆ ನಮ್ಮ ಕಾಮರ್ಸ್ ವಿಭಾಗದ ಒಂದು ತರಗತಿಯಲ್ಲಿ ಕೂರುವ ವಿದ್ಯಾರ್ಥಿಗಳಷ್ಟೂ ಜನ ಆ ಇಡೀ ದೇಶದಲ್ಲಿ ಇಲ್ಲ. ಇರುವುದು ಒಂದೇ ಊರು, ಅದರ ಹೆಸರು ಆಡಮ್ಸ್‌ಟೌನ್.

ಅಲ್ಲಿ ವಿಮಾನ ನಿಲ್ದಾಣವಿಲ್ಲ. ಹಡಗು ಬಂದು ನಿಲ್ಲುವ ಬಂದರೂ ಇಲ್ಲ. ಹೋಗಬೇಕಾದರೆ ಮೊದಲು ಫ್ರೆಂಚ್ ಪಾಲಿನೇಷ್ಯಾದ ಟಹೀಟಿಗೆ ತಲುಪಬೇಕು. ಅದರ ರಾಜಧಾನಿ ಪಪೀಟೆಯಿಂದ 1,600 ಕಿಲೋಮೀಟರಿಗೂ ಹೆಚ್ಚು ದೂರದ ಗ್ಯಾಂಬಿಯರ್ ದ್ವೀಪಗಳ ಮಂಗರೇವಾಕ್ಕೆ ಚಿಕ್ಕ ವಿಮಾನದಲ್ಲಿ ಹೋಗಬೇಕು. ಅಲ್ಲಿಂದ ಮುಂದೆ 500 ಕಿಲೋಮೀಟರಿಗೂ ಹೆಚ್ಚು ದೂರ ಸಮುದ್ರದ ದಾರಿ. ಸಿಲ್ವರ್ ಸಪೋರ್ಟರ್ ಎಂಬ ಸರಕು ಹಡಗು ಕೆಲವೇ ಪ್ರಯಾಣಿಕರನ್ನು ಕರೆದೊಯ್ಯುತ್ತದೆ. ಸಮುದ್ರ ಶಾಂತವಿದ್ದರೆ ಒಂದೂವರೆ ದಿನ, ಇಲ್ಲದಿದ್ದರೆ ಎರಡು ದಿನ ಬೇಕು.

ಈ ದ್ವೀಪದಲ್ಲಿ ಜನ ನೆಲೆಸಿದ ಕಥೆಯೂ ದೂರದ ಕಥೆಯೇ. 1789ರ ಏಪ್ರಿಲ್ 28ರಂದು ಬೌಂಟಿ ಎಂಬ ಬ್ರಿಟಿಷ್ ಹಡಗಿನಲ್ಲಿ ದಂಗೆ ನಡೆಯಿತು. ಟಹೀಟಿಯಿಂದ ಜೀಗುಜ್ಜೆ ಸಸಿಗಳನ್ನು ಹೊತ್ತು ಹೊರಟಿದ್ದ ಹಡಗು ಅದು. ದಂಗೆ ಎದ್ದವರಿಗೆ ಸಿಕ್ಕಿಬಿದ್ದರೆ ನೇಣು ಖಚಿತ ಎಂದು ಗೊತ್ತಿತ್ತು. ಆದ್ದರಿಂದ ಫ್ಲೆಚರ್ ಕ್ರಿಶ್ಚಿಯನ್ ಮತ್ತು ಅವನ ಜೊತೆಯವರು, ಟಹೀಟಿಯ ಕೆಲವು ಗಂಡಸರು ಮತ್ತು ಹೆಂಗಸರೊಂದಿಗೆ 1790ರ ಜನವರಿಯಲ್ಲಿ ಪಿಟ್‌ಕೇರ್ನ್ ಸೇರಿದರು. ಅಂದಿನ ನಕ್ಷೆಗಳಲ್ಲಿ ಈ ದ್ವೀಪದ ಸ್ಥಾನವನ್ನೇ ತಪ್ಪಾಗಿ ಗುರುತಿಸಲಾಗಿತ್ತು. ಹುಡುಕುವವರಿಗೆ ಸಿಗದ ಜಾಗ ಎಂಬುದೇ ಅವರಿಗೆ ಅನುಕೂಲವಾಯಿತು. 1808ರಲ್ಲಿ ಟೋಪಾಜ್ ಎಂಬ ಅಮೆರಿಕದ ಹಡಗು ಅಲ್ಲಿಗೆ ತಲುಪುವವರೆಗೂ ಅವರು ಏನಾದರು ಎಂದು ಹೊರಗಿನ ಪ್ರಪಂಚಕ್ಕೆ ತಿಳಿಯಲಿಲ್ಲ. ಅಷ್ಟರಲ್ಲಿ ಪರಸ್ಪರ ಕೊಲೆ, ಅಪಘಾತ, ಕಾಯಿಲೆಗಳಿಂದ ದಂಗೆಕೋರರಲ್ಲಿ ಜಾನ್ ಆಡಮ್ಸ್ ಒಬ್ಬನೇ ಉಳಿದಿದ್ದ.

ಅಂದು ಅಡಗಿ ಕೂರುವವರನ್ನು ಕಾಪಾಡಿದ ದೂರವೇ ಇಂದು ಪ್ರವಾಸಕ್ಕೆ ಹೋಗುವವರಿಗೆ ದೊಡ್ಡ ಅಪಾಯ.

ದೂರವನ್ನು ಸಮಯವಾಗಿ ಲೆಕ್ಕ ಹಾಕೋಣ

ಪ್ರವಾಸದ ಅಪಾಯ ಎಂದಾಗ ನಮಗೆ ಶಾರ್ಕ್, ಚಂಡಮಾರುತ, ಬಿರುಗಾಳಿ ನೆನಪಾಗುತ್ತವೆ. ಆದರೆ ಅಲ್ಲಿ ನಿಜವಾದ ಅಪಾಯ ಸಾಮಾನ್ಯ ಕಾಯಿಲೆಗಳೇ. ಒಂದು ಉದಾಹರಣೆ ನೋಡೋಣ. ಅಪೆಂಡಿಸೈಟಿಸ್ ಯಾರಿಗೆ ಬೇಕಾದರೂ ಬರಬಹುದು. ನಮ್ಮ ಊರಿನಲ್ಲಿ ರಾತ್ರಿ ಹೊಟ್ಟೆನೋವು ಜೋರಾದರೆ 108ಕ್ಕೆ ಫೋನ್ ಮಾಡುತ್ತೇವೆ, ಇಲ್ಲವೇ ಪಕ್ಕದ ಮನೆಯವರ ಆಟೋದಲ್ಲಿ ಹೋಗುತ್ತೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಜಿಲ್ಲಾಸ್ಪತ್ರೆ. ಲೆಕ್ಕ ಗಂಟೆಗಳಲ್ಲಿ.

ಪಿಟ್‌ಕೇರ್ನ್‌ನಲ್ಲಿ ಒಂದು ಚಿಕ್ಕ ಆರೋಗ್ಯ ಕೇಂದ್ರವಿದೆ. ಹೊರಗಿನಿಂದ ಒಪ್ಪಂದದ ಮೇಲೆ ಬರುವ ವೈದ್ಯರು ಇರುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ ಇಲ್ಲ. ರೋಗಿಯನ್ನು ಹಡಗಿನಲ್ಲಿ ಮಂಗರೇವಾಕ್ಕೆ ಸಾಗಿಸಬೇಕು, ಅಲ್ಲಿಂದ ವಿಮಾನದಲ್ಲಿ ಪಪೀಟೆಗೆ. ಹಡಗು ದ್ವೀಪದ ಬಳಿಯೇ ಇದ್ದು, ಸಮುದ್ರವೂ ಶಾಂತವಾಗಿದ್ದು, ವಿಮಾನವೂ ಸಿದ್ಧವಾಗಿದ್ದರೆ ಎರಡು ಅಥವಾ ಮೂರು ದಿನ. ಇವುಗಳಲ್ಲಿ ಒಂದು ತಪ್ಪಿದರೂ ಇನ್ನೂ ಹೆಚ್ಚು. ಹಡಗು ವರ್ಷದ ಪ್ರತಿ ವಾರವೂ ಅಲ್ಲಿರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಅಲ್ಲಿ ಕಾಯಿಲೆ ಬಂದ ಮೇಲೆ ಹಣ ಕೊಟ್ಟು ಸಮಯವನ್ನು ಕೊಳ್ಳಲು ಆಗುವುದಿಲ್ಲ. ಶ್ರೀಮಂತನಿಗೂ ಬಡವನಿಗೂ ಸಮುದ್ರ ಅಷ್ಟೇ ಅಗಲ. ಆದ್ದರಿಂದ ಸುರಕ್ಷತೆಯ ಮುಖ್ಯ ಕೆಲಸವೆಲ್ಲ ಮನೆಯಿಂದ ಹೊರಡುವ ಮೊದಲೇ ಮುಗಿಯಬೇಕು.

ಹೊರಡುವ ಮುನ್ನ ಮಾಡಬೇಕಾದ ಕೆಲಸಗಳು

ನಮ್ಮ ಮನೆಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ ಅಮ್ಮಿ ಬಾಗಿಲಲ್ಲಿ ನಿಂತು ಕೇಳುವುದು ಎರಡೇ ಪ್ರಶ್ನೆ: ‘ದವಾ ರಖ್‌ಲಿಯೇ? ಕಾಗಜಾಂ ರಖ್‌ಲಿಯೇ?’ ಔಷಧಿ ಇಟ್ಟುಕೊಂಡಿರಾ, ಕಾಗದಪತ್ರ ಇಟ್ಟುಕೊಂಡಿರಾ ಎಂದು. ಪಿಟ್‌ಕೇರ್ನ್‌ಗೆ ಹೊರಡುವವರಿಗೂ ಇದೇ ಕ್ರಮ ಸಾಕು. ಒಂದೊಂದನ್ನೂ ಸ್ವಲ್ಪ ವಿವರವಾಗಿ ನೋಡಬೇಕು, ಅಷ್ಟೇ.

ಔಷಧಿ: ದಿನವೂ ಮಾತ್ರೆ ತೆಗೆದುಕೊಳ್ಳುವವರು ಪ್ರವಾಸದ ದಿನಗಳಿಗೆ ಬೇಕಾದಷ್ಟು ಮಾತ್ರವಲ್ಲ, ಹಡಗು ತಡವಾದರೆ ಬೇಕಾಗುವ ಹೆಚ್ಚುವರಿ ಮಾತ್ರೆಗಳನ್ನೂ ಒಯ್ಯಬೇಕು. ವೈದ್ಯರ ಚೀಟಿ ಜೊತೆಗಿರಬೇಕು. ಹಲ್ಲುನೋವು ಚಿಕ್ಕ ವಿಷಯ ಎನಿಸಬಹುದು, ಆದರೆ ಅಂಥ ಜಾಗದಲ್ಲಿ ಅದು ಇಡೀ ಪ್ರವಾಸವನ್ನು ಕೆಡಿಸುತ್ತದೆ. ಆದ್ದರಿಂದ ಹಲ್ಲಿನ ವೈದ್ಯರನ್ನೂ ಮೊದಲೇ ಕಂಡು ಬರಬೇಕು. ಹಡಗಿನ ಓಲಾಟಕ್ಕೆ ವಾಂತಿ ಬಾರದಂತೆ ಮಾತ್ರೆಯೂ ಬೇಕು. ದಾರಿಯಲ್ಲಿ ಸಿಗುವ ಫ್ರೆಂಚ್ ಪಾಲಿನೇಷ್ಯಾದಲ್ಲಿ ಸೊಳ್ಳೆಯಿಂದ ಡೆಂಗಿ ಹರಡುತ್ತದೆ. 2013ರಲ್ಲಿ ಅಲ್ಲಿ ಝೀಕಾ ರೋಗವೂ ಹರಡಿತ್ತು. ಸೊಳ್ಳೆ ಓಡಿಸುವ ಮುಲಾಮು, ಮೈತುಂಬ ಬಟ್ಟೆ ಇರಲಿ. ದಡಾರ ಮೊದಲಾದ ಲಸಿಕೆಗಳು ಪೂರ್ತಿ ಆಗಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದರ ಕಾರಣವನ್ನು ಮುಂದೆ ಹೇಳುತ್ತೇನೆ.

ಕಾಗದಪತ್ರ: ಪಾಸ್‌ಪೋರ್ಟ್ ಜೊತೆಗೆ ದಾರಿಯ ಪ್ರತಿ ದೇಶದ ಅನುಮತಿಯನ್ನೂ ಪರಿಶೀಲಿಸಬೇಕು. ಫ್ರಾನ್ಸಿಗೆ ವೀಸಾ ಇದ್ದರೆ ಫ್ರೆಂಚ್ ಪಾಲಿನೇಷ್ಯಾಕ್ಕೂ ಆಯಿತು ಎಂದು ತಿಳಿಯಬಾರದು. ಅಲ್ಲಿಗೂ ಮಾನ್ಯ ಎಂದು ವೀಸಾದಲ್ಲಿ ಇರಬೇಕು. ಪಿಟ್‌ಕೇರ್ನ್ ಆಡಳಿತದಿಂದಲೂ ಒಪ್ಪಿಗೆ ಬೇಕು.

ಹಣ: ಅಲ್ಲಿ ಎಟಿಎಂ ಇಲ್ಲ, ಬ್ಯಾಂಕೂ ಇಲ್ಲ. ನಡೆಯುವುದು ನ್ಯೂಜಿಲೆಂಡ್ ಡಾಲರ್. ನಮ್ಮ ಫೋನ್‌ಪೇ ಅಭ್ಯಾಸವನ್ನು ಬೆಂಗಳೂರಿನಲ್ಲೇ ಬಿಟ್ಟು ನಗದು ಒಯ್ಯಬೇಕು.

ಸಂಪರ್ಕ: ಪಿಟ್‌ಕೇರ್ನ್ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಸೋಮವಾರ ಬೆಳಿಗ್ಗೆ 9 ಗಂಟೆಯಾದಾಗ ಅಲ್ಲಿ ಭಾನುವಾರ ಸಂಜೆ 7.30. ಯಾವ ದಿನ ಯಾವ ಹೊತ್ತಿಗೆ ಮನೆಗೆ ಸುದ್ದಿ ಮುಟ್ಟಿಸುತ್ತೇವೆ, ಮುಟ್ಟದಿದ್ದರೆ ಮನೆಯವರು ಯಾರನ್ನು ಕೇಳಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಹೋಗಬೇಕು.

ಇವೆಲ್ಲದರ ಜೊತೆಗೆ ವಿಮೆ. ನಮ್ಮ ಪಾಠ ಶುರುವಾಗುವುದು ಇಲ್ಲಿಯೇ.

ವಿಮೆ: ಯಾವುದು ಸಾಕು, ಯಾವುದು ಸಾಲದು

ಪಿಟ್‌ಕೇರ್ನ್‌ಗೆ ಹೋಗುವವರಿಗೆ ಪ್ರಯಾಣ ವಿಮೆ ಇರಲೇಬೇಕು, ಅದರಲ್ಲಿ ವೈದ್ಯಕೀಯ ಸ್ಥಳಾಂತರದ ಖರ್ಚೂ ಸೇರಿರಬೇಕು. ಸಾಮಾನ್ಯ ಪಾಲಿಸಿಗಳಲ್ಲಿ ಬ್ಯಾಗ್ ಕಳೆದರೆ ಇಷ್ಟು, ವಿಮಾನ ತಡವಾದರೆ ಇಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಇಂಥ ಪ್ರಯಾಣದಲ್ಲಿ ಮೊದಲು ಓದಬೇಕಾದ್ದು ಚಿಕ್ಕ ಅಕ್ಷರಗಳನ್ನು. ರೋಗಿಯನ್ನು ಹಡಗಿನಲ್ಲಿ ಸಾಗಿಸುವ ಖರ್ಚು ಸೇರಿದೆಯೇ? ವಿಮಾನದ್ದು ಸೇರಿದೆಯೇ? ಯಾವ ಕಾಯಿಲೆ, ಯಾವ ಚಟುವಟಿಕೆಗಳನ್ನು ಹೊರಗಿಟ್ಟಿದ್ದಾರೆ? ಹಡಗು ತಡವಾಗಿ ಪ್ರವಾಸದ ದಿನಗಳು ಹೆಚ್ಚಾದರೆ ಪಾಲಿಸಿ ಮುಂದುವರಿಯುತ್ತದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗದೆ ಪ್ರೀಮಿಯಂ ಕಟ್ಟಬಾರದು.

ನಷ್ಟಭರ್ತಿ ತತ್ವ ಏನು ಹೇಳುತ್ತದೆ? ವಿಮೆ ನಷ್ಟವನ್ನು ತುಂಬಿಕೊಡುತ್ತದೆ, ಲಾಭ ಕೊಡುವುದಿಲ್ಲ. ಇದರ ಇನ್ನೊಂದು ಅರ್ಥವನ್ನೂ ನಾವು ಗಮನಿಸಬೇಕು. ವಿಮೆ ಖರ್ಚನ್ನು ಕೊಡಬಲ್ಲದು, ಆಸ್ಪತ್ರೆಯನ್ನು ಹತ್ತಿರಕ್ಕೆ ತರಲಾರದು. ಪಾಲಿಸಿ ಜೇಬಿನಲ್ಲಿದೆ ಎಂದು ಬಂಡೆ ಹತ್ತುವವನು ಈ ತತ್ವವನ್ನು ಅರ್ಧ ಮಾತ್ರ ಓದಿದ್ದಾನೆ.

ಈಗ ಮುಖ್ಯ ತತ್ವಕ್ಕೆ ಬರೋಣ. ಪರಮ ಸದ್ಭಾವನೆ ಎಂದರೆ ಒಪ್ಪಂದ ಮಾಡಿಕೊಳ್ಳುವ ಎರಡೂ ಕಡೆಯವರು ತಮಗೆ ತಿಳಿದಿರುವ ಮುಖ್ಯ ಸಂಗತಿಗಳನ್ನು ಮುಚ್ಚಿಡದೆ ಹೇಳಬೇಕು. ಭಾರತದ 1963ರ ಸಾಗರ ವಿಮಾ ಕಾಯ್ದೆಯಲ್ಲೂ ಈ ತತ್ವ ಇದೆ. ಆದರೆ ಅದು ನೆಲೆಗೊಂಡದ್ದು 1766ರ ಒಂದು ಇಂಗ್ಲಿಷ್ ಮೊಕದ್ದಮೆಯಲ್ಲಿ, ಅದೂ ಒಂದು ದೂರದ ದ್ವೀಪದ ವಿಷಯದಲ್ಲಿ. ಸುಮಾತ್ರಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮಾರ್ಲ್‌ಬರೋ ಕೋಟೆ ಇತ್ತು. ಯುರೋಪಿನ ಶತ್ರು ಅದನ್ನು ಹಿಡಿದರೆ ಆಗುವ ನಷ್ಟಕ್ಕೆ ಅಲ್ಲಿನ ಗವರ್ನರ್ ಕಾರ್ಟರ್ ಪರವಾಗಿ ಲಂಡನ್ನಿನಲ್ಲಿ ವಿಮೆ ಮಾಡಿಸಲಾಗಿತ್ತು. 1760ರಲ್ಲಿ ಫ್ರೆಂಚರು ಕೋಟೆ ಹಿಡಿದರು. ಕೋಟೆ ದುರ್ಬಲವಾಗಿದ್ದ ವಿಷಯ ನಮಗೆ ಹೇಳಲಿಲ್ಲ ಎಂದು ವಿಮೆ ಕೊಟ್ಟಿದ್ದ ಬೋಹಮ್ ಹಣ ಕೊಡಲು ಒಪ್ಪಲಿಲ್ಲ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎರಡು ಮಾತು ಸ್ಪಷ್ಟಪಡಿಸಿದರು. ಸಂಗತಿ ಗೊತ್ತಿರುವವನು ಗೊತ್ತಿಲ್ಲದವನಿಂದ ಅದನ್ನು ಮುಚ್ಚಿಡಬಾರದು. ಹಾಗೆಯೇ ವಿಮೆ ಕೊಡುವವನೂ ತನಗೆ ತಿಳಿದಿದ್ದನ್ನು, ತಾನೇ ತಿಳಿಯಬಹುದಾಗಿದ್ದನ್ನು ತಿಳಿಯದವನಂತೆ ಇದ್ದು ಕೊನೆಗೆ ಕೈ ಎತ್ತಬಾರದು. ತೀರ್ಪು ಕಾರ್ಟರ್ ಪರವಾಗಿ ಬಂತು.

ಈ ತತ್ವಕ್ಕೂ ದೂರಕ್ಕೂ ಇರುವ ಸಂಬಂಧ ನೋಡಿ. ಲಂಡನ್ನಿನವನು ಹೋಗಿ ಕೋಟೆ ನೋಡಲಾರ. ಅವನು ಎದುರಿನವನ ಮಾತನ್ನೇ ನಂಬಬೇಕು. ಎಲ್ಲಿ ದೂರ ಹೆಚ್ಚೋ ಅಲ್ಲಿ ನಿಜ ಹೇಳುವ ಜವಾಬ್ದಾರಿಯೂ ಹೆಚ್ಚು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಪ್ರೀಮಿಯಂ ಹೆಚ್ಚಾದೀತೆಂದು ಅರ್ಜಿಯಲ್ಲಿ ಬರೆಯದಿದ್ದರೆ ಕ್ಲೇಮ್ ತಿರಸ್ಕಾರವಾಗುವ ಅಪಾಯವಿದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದ್ವೀಪದಲ್ಲಿರುವ ವೈದ್ಯರಿಗೂ ಆ ವಿಷಯ ತಿಳಿಯದೆ, ಬೇಕಾದ ಔಷಧಿ ಮೊದಲೇ ತರಿಸಿಡಲು ಆಗುವುದಿಲ್ಲ.

ಹಡಗಿನಿಂದ ದಡಕ್ಕೆ

ಪಿಟ್‌ಕೇರ್ನ್ ಪ್ರಯಾಣದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ್ದು ಕೊನೆಯ ಕೆಲವು ನಿಮಿಷಗಳಲ್ಲಿ. ಹಡಗು ದಡದಿಂದ ದೂರ ನಿಲ್ಲುತ್ತದೆ. ದ್ವೀಪದವರು ಲಾಂಗ್‌ಬೋಟ್ ಎಂಬ ಗಟ್ಟಿ ದೋಣಿಯನ್ನು ತರುತ್ತಾರೆ. ಹಡಗಿನ ಪಕ್ಕದ ಏಣಿಯಲ್ಲಿ ಇಳಿದು, ಅಲೆಯ ಮೇಲೆ ಏರಿಳಿಯುವ ದೋಣಿಗೆ ಕಾಲಿಡಬೇಕು. ಆಮೇಲೆ ದೋಣಿ ಅಲೆಯ ಹದ ನೋಡಿ ಬೌಂಟಿ ಕೊಲ್ಲಿಯ ಕಟ್ಟೆಯತ್ತ ನುಗ್ಗುತ್ತದೆ. ಆ ಕಡೆ ಅಲೆ ಜೋರಾಗಿದ್ದರೆ ದ್ವೀಪದ ಪಶ್ಚಿಮದಲ್ಲಿರುವ ಟೆಡ್‌ಸೈಡ್ ಕಡೆಯಿಂದ ಇಳಿಯಬೇಕಾಗುತ್ತದೆ. ಎರಡೂ ಕಡೆ ಆಗದಿದ್ದರೆ ಕಾಯಬೇಕು, ಕೆಲವೊಮ್ಮೆ ಇಳಿಯದೆ ಮರಳಬೇಕು.

ಇಲ್ಲಿ ನಿಯಮ ಸರಳ. ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಎರಡೂ ಕೈ ಖಾಲಿ ಇರಬೇಕು, ಫೋನ್ ಕೈಯಲ್ಲಿ ಇರಲೇಬಾರದು. ಸಾಮಾನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಬೇರೆಯಾಗಿ ಕೊಡಬೇಕು. ದೋಣಿ ನಡೆಸುವವರು ಈಗ ಎಂದಾಗ ಮಾತ್ರ ಕಾಲಿಡಬೇಕು, ಬೇಡ ಎಂದರೆ ಬೇಡ. ತಲೆಮಾರುಗಳಿಂದ ಅದೇ ಅಲೆಯನ್ನು ನೋಡಿಕೊಂಡು ಬಂದವರು ಅವರು. ಇಷ್ಟು ದೂರ ಬಂದಿದ್ದೇವೆ, ಇಷ್ಟು ಖರ್ಚು ಮಾಡಿದ್ದೇವೆ ಎಂದು ಒತ್ತಾಯಿಸಬಾರದು. ಈಗಾಗಲೇ ಆಗಿಹೋದ ಖರ್ಚನ್ನು ಮುಂದಿನ ನಿರ್ಧಾರದಲ್ಲಿ ಎಣಿಸಬಾರದು ಎಂಬುದು ಅರ್ಥಶಾಸ್ತ್ರದ ಪಾಠವೂ ಹೌದು.

ನಕ್ಷೆಯೇ ಅಪಘಾತಗಳ ದಾಖಲೆ

ಕಟ್ಟೆಯಿಂದ ಊರಿಗೆ ಹತ್ತುವ ಕಡಿದಾದ ದಾರಿಗೆ ಅವರು ಇಟ್ಟ ಹೆಸರು ‘ಹಿಲ್ ಆಫ್ ಡಿಫಿಕಲ್ಟಿ’, ಅಂದರೆ ಕಷ್ಟದ ಗುಡ್ಡ. ಪಿಟ್‌ಕೇರ್ನ್ ನಕ್ಷೆ ಓದುವಾಗ ನನಗೆ ಅತ್ಯಂತ ವಿಶೇಷ ಎನಿಸಿದ್ದು ಇಂಥ ಹೆಸರುಗಳೇ. ‘ನೆಲ್ಲಿ ಫಾಲ್’, ‘ಜಾನಿ ಫಾಲ್’, ‘ಡ್ಯಾನ್ ಫಾಲ್’. ಇಲ್ಲಿ ಫಾಲ್ ಎಂದರೆ ಜಲಪಾತವಲ್ಲ. ನೆಲ್ಲಿ ಬಿದ್ದ ಜಾಗ, ಜಾನಿ ಬಿದ್ದ ಜಾಗ, ಡ್ಯಾನ್ ಬಿದ್ದ ಜಾಗ ಎಂದು ಅರ್ಥ. ಇನ್ನೊಂದು ಜಾಗದ ಹೆಸರು ‘ಬ್ರೇಕ್ ಇಮ್ ಹಿಪ್’, ಅಂದರೆ ಸೊಂಟ ಮುರಿದ ಜಾಗ. ತಮ್ಮವರಿಗೆ ಆದ ಅಪಘಾತವನ್ನು ಅವರು ಮುಚ್ಚಿಡಲಿಲ್ಲ. ಮುಂದೆ ಬರುವವರಿಗೆ ಎಚ್ಚರಿಕೆಯಾಗಲಿ ಎಂಬಂತೆ ನೆಲಕ್ಕೇ ಹೆಸರಾಗಿ ಬರೆದಿಟ್ಟರು. ಪರಮ ಸದ್ಭಾವನೆಯಲ್ಲಿ ಎರಡನೆಯ ಕಡೆಯವರ ಪಾಲು ಎಂದರೆ ಇದೇ. ಅಪಾಯ ತಿಳಿದವರು ತಿಳಿಯದವರಿಗೆ ಹೇಳುವುದು.

ದ್ವೀಪ ಜ್ವಾಲಾಮುಖಿಯಿಂದ ಆದದ್ದು, ಅಂಚಿನಲ್ಲೆಲ್ಲ ಕಡಿದಾದ ಬಂಡೆಗಳು. ಅಲ್ಲಿ ಓಡಾಟ ಹೆಚ್ಚಾಗಿ ನಾಲ್ಕು ಚಕ್ರದ ಕ್ವಾಡ್ ಬೈಕಿನಲ್ಲಿ. ಮಳೆ ಬಂದರೆ ಮಣ್ಣಿನ ದಾರಿ ಜಾರುತ್ತದೆ. ಹೆಲ್ಮೆಟ್ ಇಲ್ಲದೆ ಹತ್ತಬಾರದು. ಸೇಂಟ್ ಪಾಲ್ಸ್ ಕೊಳ ಎಂಬ ಸುಂದರವಾದ ಸಮುದ್ರದ ಕೊಳವಿದೆ. ಶಾಂತವಾಗಿ ಕಂಡರೂ ಹೊರಗಿನಿಂದ ದೊಡ್ಡ ಅಲೆ ಒಮ್ಮೆಲೇ ನುಗ್ಗಬಹುದು. ಸ್ಥಳೀಯರು ಜೊತೆಗಿಲ್ಲದೆ ನೀರಿಗೆ ಇಳಿಯಬಾರದು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯವರಿಗೆ ಹೇಳಿ ಹೋಗಬೇಕು. ಪ್ರವಾಸಿಗರು ಉಳಿಯುವುದು ಹೆಚ್ಚಾಗಿ ದ್ವೀಪದವರ ಮನೆಗಳಲ್ಲೇ, ಹೀಗಾಗಿ ಹೇಳುವುದು ಕಷ್ಟವೇನಲ್ಲ. ಕುಡಿಯುವ ನೀರು ಮಳೆಯಿಂದ ಸಂಗ್ರಹಿಸಿದ್ದು, ಹಿತಮಿತವಾಗಿ ಬಳಸಬೇಕು. ನಮ್ಮಂತೆ ಹಲಾಲ್ ಊಟ ಮಾಡುವವರು, ಸಸ್ಯಾಹಾರಿಗಳು ತಮ್ಮ ಊಟದ ವಿಷಯವನ್ನು ಹಡಗು ಹೊರಡುವ ಮೊದಲೇ ಮನೆಯವರಿಗೆ ತಿಳಿಸಬೇಕು. ಅಲ್ಲಿಗೆ ಹೋದ ಮೇಲೆ ಹೇಳಿದರೆ ತರಿಸಲು ಪಕ್ಕದಲ್ಲಿ ಊರಿಲ್ಲ.

ಮೀನಿನ ವಿಷಯ ಬೇರೆಯಾಗಿಯೇ ಹೇಳಬೇಕು. ಈ ಭಾಗದಲ್ಲಿ ಸಿಗ್ವಟೇರಾ ಎಂಬ ವಿಷಬಾಧೆ ಇದೆ. ಹವಳದ ಬಂಡೆಗಳ ಮೇಲಿನ ಒಂದು ಸೂಕ್ಷ್ಮ ಜೀವಿಯಿಂದ ವಿಷ ಹುಟ್ಟಿ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತದೆ. ಆ ಜೀವಿಗೆ ವಿಜ್ಞಾನಿಗಳು ಕೊಟ್ಟ ಗ್ಯಾಂಬಿಯರ್‌ಡಿಸ್ಕಸ್ ಎಂಬ ಹೆಸರು ಬಂದದ್ದೇ ಮಂಗರೇವಾ ಇರುವ ಗ್ಯಾಂಬಿಯರ್ ದ್ವೀಪಗಳಿಂದ. ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ, ಕೈಕಾಲು ಜುಮ್ಮೆನ್ನುವುದು, ತಣ್ಣನೆಯ ವಸ್ತು ಮುಟ್ಟಿದರೆ ಸುಟ್ಟಂತಾಗುವುದು ಇದರ ಲಕ್ಷಣಗಳು. ಯಾವ ಬಂಡೆಯ ಯಾವ ಮೀನು ತಿನ್ನಬಾರದು ಎಂದು ಅಲ್ಲಿನವರಿಗೆ ತಿಳಿದಿರುತ್ತದೆ. ಅವರನ್ನು ಕೇಳದೆ ತಾನೇ ಹಿಡಿದ ಮೀನನ್ನು ತಿನ್ನಬಾರದು.

ಭೂಮಿ ಜೋರಾಗಿ ನಡುಗಿದರೆ, ಸಮುದ್ರ ಒಮ್ಮೆಲೇ ಹಿಂದೆ ಸರಿದರೆ ಸೈರನ್‌ಗಾಗಿ ಕಾಯದೆ ಎತ್ತರಕ್ಕೆ ಹೋಗಬೇಕು. 2009ರ ಸೆಪ್ಟೆಂಬರ್ 29ರಂದು ಸಮೋವಾ ಭಾಗದಲ್ಲಿ ಬಂದ ಸುನಾಮಿ ಭೂಕಂಪವಾದ ಕೆಲವೇ ನಿಮಿಷಗಳಲ್ಲಿ ದಡ ಮುಟ್ಟಿತ್ತು.

ಮಕ್ಕಳೊಂದಿಗೆ ಹೋಗುವವರಿಗೆ

ಪಿಟ್‌ಕೇರ್ನ್ ಬಗ್ಗೆ ಬರೆಯುವಾಗ ಒಂದು ಕಹಿ ಸಂಗತಿಯನ್ನು ಬಿಡಬಾರದು. 2004ರಲ್ಲಿ ಅಲ್ಲಿ ನಡೆದ ವಿಚಾರಣೆಯಲ್ಲಿ ಆರು ಗಂಡಸರು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಅಷ್ಟು ಚಿಕ್ಕ ಊರಿನಲ್ಲಿ ಅನೇಕ ವರ್ಷ ಇದು ಹೊರಗೆ ಬಂದಿರಲಿಲ್ಲ. ಆಮೇಲೆ ಹೊರಗಿನಿಂದ ಪೊಲೀಸರನ್ನು, ಸಮಾಜ ಕಾರ್ಯಕರ್ತರನ್ನು ಕಳಿಸಲಾಯಿತು. 16 ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಲು ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮವೂ ಬಂತು. ಇಂದು ಅಲ್ಲಿರುವ ಎಲ್ಲರನ್ನೂ ಅನುಮಾನದಿಂದ ನೋಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಎಲ್ಲರೂ ಎಲ್ಲರಿಗೂ ಪರಿಚಯ ಎಂಬುದೇ ರಕ್ಷಣೆಯಲ್ಲ. ನಡೆದದ್ದನ್ನು ಹೇಳಲು ಬಾಯಿ, ಕೇಳಲು ಹೊರಗಿನ ಕಿವಿ ಎರಡೂ ಬೇಕು.

ನಾವೇ ಒಯ್ಯುವ ಅಪಾಯ

ಇಲ್ಲಿಯವರೆಗೆ ಪ್ರವಾಸಿಗೆ ಬರುವ ಅಪಾಯ ನೋಡಿದೆವು. ಆದರೆ ಪೆಸಿಫಿಕ್ ದ್ವೀಪಗಳ ಇತಿಹಾಸ ಓದಿದರೆ, ಪ್ರವಾಸಿಯಿಂದ ದ್ವೀಪಕ್ಕೆ ಬಂದ ಅಪಾಯವೇ ಎಷ್ಟೋ ದೊಡ್ಡದು.

1875ರ ಆರಂಭದಲ್ಲಿ ಫಿಜಿಯ ಮುಖ್ಯಸ್ಥ ಸಕೋಂಬೌ ಸಿಡ್ನಿಗೆ ಹೋಗಿ ಡಿಡೋ ಎಂಬ ಬ್ರಿಟಿಷ್ ನೌಕೆಯಲ್ಲಿ ಮರಳಿದ. ಆ ಪ್ರಯಾಣದಲ್ಲಿ ದಡಾರವೂ ಬಂತು. ಅಂದಾಜು 40,000 ಫಿಜಿ ಜನ ಸತ್ತರು. ನಾಲ್ಕು ವರ್ಷದ ನಂತರ, 1879ರ ಮೇ ತಿಂಗಳಲ್ಲಿ, ಭಾರತದ ಮೊದಲ ಗಿರ್ಮಿಟ್ ಕೂಲಿಗಳನ್ನು ಹೊತ್ತು ಕಲ್ಕತ್ತಾದಿಂದ ಲಿಯೋನಿಡಾಸ್ ಹಡಗು ಫಿಜಿಗೆ ಬಂತು. ಹಡಗಿನಲ್ಲಿ ಕಾಲರಾ ಮತ್ತು ಸಿಡುಬು ಇತ್ತು. ಈ ಸಲ ಪ್ರಯಾಣಿಕರನ್ನು ನೇರ ಊರಿಗೆ ಬಿಡದೆ ಯನುಜಾ ಲೈಲೈ ಎಂಬ ಪುಟ್ಟ ದ್ವೀಪದಲ್ಲಿ ಕ್ವಾರಂಟೈನ್ ಮಾಡಿದರು. ನಮ್ಮ ದೇಶದ ಆ ಬಡ ಕೂಲಿಗಳಿಗೆ ಅದು ಕಷ್ಟದ ಕಾಲವೇ ಆಗಿರಬೇಕು. ಆದರೆ 1875ರ ದುರಂತ ಮತ್ತೆ ಆಗಲಿಲ್ಲ.

1918ರ ನವೆಂಬರ್ 7ರಂದು ಟಲೂನ್ ಎಂಬ ಹಡಗು ಆಕ್ಲೆಂಡಿನಿಂದ ಪಶ್ಚಿಮ ಸಮೋವಾದ ಆಪಿಯಾಕ್ಕೆ ಬಂತು. ಹಡಗಿನಲ್ಲಿ ಇನ್‌ಫ್ಲುಯೆಂಜಾ ರೋಗಿಗಳಿದ್ದರೂ ಇಳಿಯಲು ಬಿಟ್ಟರು. ಕೆಲವೇ ವಾರಗಳಲ್ಲಿ ಅಲ್ಲಿನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಸತ್ತಿತು. ಪಕ್ಕದಲ್ಲೇ ಇರುವ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪಾಯರ್ ಕಟ್ಟುನಿಟ್ಟಿನ ಕ್ವಾರಂಟೈನ್ ಹಾಕಿದರು. ಅಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಜನ ಒಂದೇ, ಸಮುದ್ರ ಒಂದೇ, ರೋಗವೂ ಒಂದೇ. ವ್ಯತ್ಯಾಸ ಒಂದು ನಿರ್ಧಾರದ್ದು. ಪಶ್ಚಿಮ ಸಮೋವಾ ಆಗ ನ್ಯೂಜಿಲೆಂಡ್ ಆಡಳಿತದಲ್ಲಿತ್ತು. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾದ ಜನರ ಕ್ಷಮೆ ಕೇಳಿದರು.

ಇದು ಹಳೆಯ ಕಾಲದ ಮಾತು ಎನ್ನುವಂತಿಲ್ಲ. 2019ರಲ್ಲಿ ಸಮೋವಾದಲ್ಲಿ ದಡಾರ ಮತ್ತೆ ಬಂತು. ಎರಡು ಲಕ್ಷ ಜನರ ದೇಶದಲ್ಲಿ 5,700ಕ್ಕೂ ಹೆಚ್ಚು ಜನರಿಗೆ ಹರಡಿ 83 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳು. ಮಕ್ಕಳಿಗೆ ಲಸಿಕೆ ಹಾಕುವ ಪ್ರಮಾಣ ಮೊದಲೇ ಕುಸಿದಿತ್ತು. ಕೊನೆಗೆ ಸರ್ಕಾರ ಎರಡು ದಿನ ಎಲ್ಲ ಕೆಲಸ ನಿಲ್ಲಿಸಿತು. ಲಸಿಕೆ ಆಗದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಿ, ತಂಡಗಳು ಮನೆಮನೆಗೆ ಹೋಗಿ ಲಸಿಕೆ ಹಾಕಿದವು.

ಈಗ ಐವತ್ತು ಜನರ ಪಿಟ್‌ಕೇರ್ನ್‌ಗೆ ಮರಳೋಣ. ಅಲ್ಲಿ ಹತ್ತು ಜನ ಹಾಸಿಗೆ ಹಿಡಿದರೆ ಲಾಂಗ್‌ಬೋಟ್ ಇಳಿಸಲು ಜನ ಸಾಲದು. ದೋಣಿ ಇಳಿಯದಿದ್ದರೆ ಹಡಗಿನಿಂದ ಔಷಧಿಯೂ ಬರದು, ರೋಗಿಯೂ ಹೋಗಲಾರ. 2020ರಲ್ಲಿ ಕೋವಿಡ್ ಬಂದಾಗ ಅವರು ಸುಮಾರು ಎರಡು ವರ್ಷ ಪ್ರವಾಸಿಗರಿಗೆ ಬಾಗಿಲು ಮುಚ್ಚಿದ್ದು ಈ ಕಾರಣಕ್ಕೇ. ಹೊರಡುವ ಹಿಂದಿನ ದಿನ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ, ಏನೂ ಇಲ್ಲ ಎಂದು ಹಡಗು ಹತ್ತುವುದು ಒಂದು ಸಣ್ಣ ಸುಳ್ಳಿನಂತೆ ಕಾಣುತ್ತದೆ. ಆ ದ್ವೀಪಕ್ಕೆ ಅದು ಸಣ್ಣದಲ್ಲ.

ಆಹಾರ ಸಾಮಾನಿನಲ್ಲೂ ಇದೇ ಎಚ್ಚರ ಬೇಕು. ಪಿಟ್‌ಕೇರ್ನ್ ಜೇನುನೊಣಗಳು ರೋಗಮುಕ್ತ ಎಂದು ಹೆಸರಾಗಿವೆ, ಜೇನುತುಪ್ಪ ಮಾರಾಟ ಅಲ್ಲಿನವರ ಆದಾಯದ ಒಂದು ಮೂಲ. ಹೊರಗಿನ ಜೇನನ್ನು ಅಲ್ಲಿಗೆ ಒಯ್ಯಬಾರದು. ಹಣ್ಣು, ಬೀಜ, ಮನೆಯ ಉಪ್ಪಿನಕಾಯಿ ಏನೇ ಇದ್ದರೂ ಮೊದಲೇ ಹೇಳಿ ತೋರಿಸಬೇಕು. ಶೂ ಅಡಿಯ ಮಣ್ಣನ್ನೂ ತೊಳೆದುಕೊಂಡು ಹೋಗಬೇಕು.

ಪಾಠದ ಸಾರ

ನಮ್ಮಲ್ಲಿ ಎಷ್ಟು ಜನ ಪಿಟ್‌ಕೇರ್ನ್‌ಗೆ ಹೋಗುತ್ತೇವೋ ತಿಳಿಯದು. ಆದರೆ ಹಡಗಿನ ಕೆಲಸಕ್ಕೆ, ಗಲ್ಫ್‌ಗೆ, ಓದಲು ಬೇರೆ ದೇಶಕ್ಕೆ ನಮ್ಮಲ್ಲಿ ಹಲವರು ಹೋಗುವವರೇ. ಆಸ್ಪತ್ರೆ ದೂರ ಇರುವ, ನಮ್ಮವರು ಯಾರೂ ಇಲ್ಲದ ಎಲ್ಲ ಕಡೆ ಈ ಮಾತುಗಳು ಅನ್ವಯಿಸುತ್ತವೆ:

1. ಅಪಾಯವನ್ನು ಕಿಲೋಮೀಟರಿನಲ್ಲಿ ಅಲ್ಲ, ಸಹಾಯ ಬರಲು ಬೇಕಾದ ಸಮಯದಲ್ಲಿ ಅಳೆಯಿರಿ.
2. ವಿಮೆಯ ಅರ್ಜಿಯಲ್ಲಿ ನಿಜ ಬರೆಯಿರಿ, ಚಿಕ್ಕ ಅಕ್ಷರ ಓದಿರಿ, ತುರ್ತು ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.
3. ವಿಮೆ ಇದ್ದರೂ ಇಲ್ಲದವರಂತೆ ಎಚ್ಚರದಿಂದಿರಿ. ಇದೇ ನಷ್ಟ ತಗ್ಗಿಸುವಿಕೆಯ ತತ್ವ.
4. ಸ್ಥಳೀಯರು ಬೇಡ ಎಂದ ನೀರಿಗೆ ಇಳಿಯಬೇಡಿ, ಬೇಡ ಎಂದ ಮೀನು ತಿನ್ನಬೇಡಿ.
5. ನಿಮ್ಮ ಕಾಯಿಲೆಯನ್ನು ಮುಚ್ಚಿಟ್ಟು ಯಾರ ಮನೆಗೂ ಹೋಗಬೇಡಿ.

ಪರಮ ಸದ್ಭಾವನೆಯನ್ನು ನಾವು ಪ್ರವಾಸಿ ಮತ್ತು ವಿಮಾ ಕಂಪನಿಯ ನಡುವಿನ ವಿಷಯ ಎಂದು ಓದುತ್ತೇವೆ. ಪಿಟ್‌ಕೇರ್ನ್ ನೋಡಿದರೆ ಅದು ಹೋಗುವವರು ಮತ್ತು ಅಲ್ಲಿರುವವರ ನಡುವಿನ ಒಪ್ಪಂದವೂ ಹೌದು. ಅವರು ತಮ್ಮ ಬಂಡೆ, ಅಲೆ, ಮೀನಿನ ವಿಷಯವನ್ನು ನಮ್ಮಿಂದ ಮುಚ್ಚಿಡುವುದಿಲ್ಲ. ನಾವು ನಮ್ಮ ಜ್ವರವನ್ನು ಅವರಿಂದ ಮುಚ್ಚಿಡಬಾರದು.

ಚರ್ಚೆಗೆ ಪ್ರಶ್ನೆಗಳು

1. ಒಬ್ಬ ಪ್ರವಾಸಿ ತನ್ನ ಆಸ್ತಮಾ ವಿಷಯ ಬರೆಯದೆ ಪಾಲಿಸಿ ಪಡೆದ. ದ್ವೀಪದಲ್ಲಿ ಬಿದ್ದು ಕಾಲು ಮುರಿಯಿತು. ಸಮೀಪ ಕಾರಣದ ತತ್ವ ಮತ್ತು ಪರಮ ಸದ್ಭಾವನೆಯ ತತ್ವ ಇಲ್ಲಿ ಏನು ಹೇಳುತ್ತವೆ?
2. 1918ರಲ್ಲಿ ಎರಡು ಸಮೋವಾಗಳ ನಡುವಿನ ವ್ಯತ್ಯಾಸಕ್ಕೆ ಕಾರಣವೇನು? ಹಡಗು ನಿಲ್ಲಿಸಿದ್ದರಿಂದ ಆಗುವ ವ್ಯಾಪಾರ ನಷ್ಟವನ್ನು ಯಾರು ಹೊರಬೇಕು?
3. ನಮ್ಮ ಕಾಲೇಜು ಪ್ರವಾಸಕ್ಕೆ ಹೊರಡುವ ಮುನ್ನ ಪ್ರತಿ ವಿದ್ಯಾರ್ಥಿ ತುಂಬಿ ಕೊಡಬೇಕಾದ ಒಂದು ಪುಟದ ಆರೋಗ್ಯ ಮಾಹಿತಿ ಪತ್ರವನ್ನು ತಯಾರಿಸಿ.